‘ದ್ಯಾನ್’ ಆದ ಮೇಲೆ ಏನು ಬರಬೇಕು: ಇಂಗ್ಲಿಷ್ ಹೋಲಿಕೆಗಳಲ್ಲಿ ಕಾಲ ಮತ್ತು ಸಮಾನ ರಚನೆ

ಇಂಗ್ಲಿಷಿನಲ್ಲಿ ಸಾಕಷ್ಟು ಚೆನ್ನಾಗಿ ಬರೆಯಬಲ್ಲ ಕನ್ನಡಿಗರೂ ಎಡವುವ ಜಾಗಗಳಲ್ಲಿ ಹೋಲಿಕೆಯ ವಾಕ್ಯವೂ ಒಂದು. ‘ಷಿ ಈಸ್ ಟಾಲರ್ ದ್ಯಾನ್ ಹರ್ ಸಿಸ್ಟರ್’ ಎಂಬಷ್ಟು ಚಿಕ್ಕ ವಾಕ್ಯದಲ್ಲಿ ಯಾರೂ ತಪ್ಪುವುದಿಲ್ಲ. ಅದೇ ವಾಕ್ಯದೊಳಗೆ ಎರಡು ಊರು, ಎರಡು ವರ್ಷ ಅಥವಾ ಎರಡು ಕೆಲಸಗಳು ಬಂದು ಕೂತ ಕೂಡಲೇ ಕೈ ತಡವರಿಸುತ್ತದೆ. ಹಲವು ವರ್ಷಗಳ ಹಿಂದೆ ನಾನೇ ಒಂದು ಕೆಲಸದ ಅರ್ಜಿಯಲ್ಲಿ ‘ಮೈ ಎಕ್ಸ್‌ಪೀರಿಯನ್ಸ್ ಈಸ್ ಮೋರ್ ದ್ಯಾನ್ ದಿ ಅದರ್ ಕ್ಯಾಂಡಿಡೇಟ್ಸ್’ ಎಂದು ಬರೆದಿದ್ದೆ. ಸಂದರ್ಶನಕ್ಕೆ ಕೂತಿದ್ದ ಹಿರಿಯರೊಬ್ಬರು ಆ ಸಾಲಿನ ಮೇಲೆ ಬೆರಳಿಟ್ಟು, ‘ನಿಮ್ಮ ಅನುಭವ ದೊಡ್ಡದೋ, ಹೊರಗೆ ಬೆಂಚಿನ ಮೇಲೆ ಕೂತಿರುವ ಆ ಹುಡುಗರು ದೊಡ್ಡವರೋ ಎಂದು ಅಳೆಯುವುದು ಹೇಗೆ?’ ಎಂದು ಕೇಳಿದಾಗ ನನಗೆ ಮೊದಲು ಪ್ರಶ್ನೆಯೇ ಅರ್ಥವಾಗಿರಲಿಲ್ಲ.

ಅರ್ಥವಾಗದಿರುವುದಕ್ಕೆ ಕಾರಣ ನಮ್ಮ ಭಾಷೆಯಲ್ಲಿಯೇ ಇದೆ. ಕನ್ನಡದ ‘ಗಿಂತ’ ಒಂದು ನಾಮಪದದ ಬಾಲಕ್ಕೆ ಅಂಟಿಕೊಂಡು ಕೆಲಸ ಮುಗಿಸುವಂಥದ್ದು. ಇಂಗ್ಲಿಷಿನ ‘ದ್ಯಾನ್’ ಹಾಗಲ್ಲ; ಅದರ ಆಚೆಗೆ ಬಹುಮಟ್ಟಿಗೆ ಒಂದು ಇಡೀ ವಾಕ್ಯವೇ ಅಡಗಿರುತ್ತದೆ, ಮತ್ತು ಈಗಾಗಲೇ ಹೇಳಿಯಾದ ಮಾತುಗಳನ್ನು ಮಾತ್ರ ಅದರಲ್ಲಿ ಬಿಟ್ಟಿರುತ್ತಾರೆ. ಮುಂದೆ ಹೇಳುವ ಎಲ್ಲ ಹೆಜ್ಜೆಗಳೂ ಆ ಅಡಗಿದ ವಾಕ್ಯವನ್ನು ಹೊರಗೆಳೆದು ನೋಡುವ ವಿಧಾನಗಳೇ. ಅದನ್ನು ಹೊರಗೆಳೆದರೆ ಎರಡು ಸಂಗತಿಗಳು ಕಾಣುತ್ತವೆ: ಹೋಲಿಕೆಯ ಎರಡೂ ಬದಿಯ ಆಕಾರ ಒಂದೇ ಆಗಿರಬೇಕು, ಆದರೆ ಎರಡೂ ಬದಿಯ ಕಾಲ ಒಂದೇ ಆಗಿರಬೇಕಾಗಿಲ್ಲ. ಕಲಿಯುವವರು ಹೆಚ್ಚಾಗಿ ಇದನ್ನು ತಲೆಕೆಳಗಾಗಿ ಹಿಡಿದುಕೊಂಡಿರುತ್ತಾರೆ. ಆಕಾರವನ್ನು ಸಡಿಲ ಬಿಟ್ಟು, ಕಾಲವನ್ನು ಮಾತ್ರ ಎರಡೂ ಕಡೆ ಒಂದೇ ಮಾಡಲು ಹೆಣಗುತ್ತಾರೆ.

ಮೊದಲ ಹೆಜ್ಜೆ: ಯಾವುದಕ್ಕೆ ಯಾವುದನ್ನು ಹೋಲಿಸುತ್ತಿದ್ದೇವೆ?

‘ಬೆಂಗಳೂರಿಗಿಂತ ಮಂಗಳೂರಿನಲ್ಲಿ ಮಳೆ ಜಾಸ್ತಿ’ ಎಂಬ ವಾಕ್ಯವನ್ನು ಗಮನಿಸಿ. ಮಂಗಳೂರಿಗೆ ‘ಅಲ್ಲಿ’ ಪ್ರತ್ಯಯ ಸಿಕ್ಕಿದೆ, ಬೆಂಗಳೂರಿಗೆ ಸಿಕ್ಕಿಲ್ಲ; ‘ಗಿಂತ’ ಅದನ್ನು ನುಂಗಿದೆ. ಕನ್ನಡದ ಕಿವಿಗೆ ಇದರಲ್ಲಿ ಯಾವ ಕೊರತೆಯೂ ಕೇಳಿಸುವುದಿಲ್ಲ, ‘ಬೆಂಗಳೂರಿನಲ್ಲಿಗಿಂತ’ ಎಂದರೇ ತುಸು ಪುಸ್ತಕದ ಭಾಷೆಯಂತೆ ಅನಿಸುತ್ತದೆ. ಇದನ್ನೇ ನಾವು ‘ಇಟ್ ರೇನ್ಸ್ ಮೋರ್ ಇನ್ ಮಂಗಳೂರು ದ್ಯಾನ್ ಬೆಂಗಳೂರು’ ಎಂದು ದಾಟಿಸುತ್ತೇವೆ. ಮಾತಿನಲ್ಲಿ ಇದು ನಡೆದುಹೋಗುತ್ತದೆ. ಬರವಣಿಗೆಯಲ್ಲಿ ‘ಇನ್’ ಎರಡೂ ಕಡೆ ಇರಬೇಕು: ‘ಇಟ್ ರೇನ್ಸ್ ಮೋರ್ ಇನ್ ಮಂಗಳೂರು ದ್ಯಾನ್ ಇನ್ ಬೆಂಗಳೂರು.’ ಅಡಗಿದ ವಾಕ್ಯವನ್ನು ತುಂಬಿದರೆ ‘ದ್ಯಾನ್ ಇಟ್ ರೇನ್ಸ್ ಇನ್ ಬೆಂಗಳೂರು’ ಎಂದಾಗುವುದರಿಂದ, ‘ಇನ್’ ಅನ್ನು ಕಿತ್ತರೆ ಉಳಿದ ಊರಿಗೆ ನಿಲ್ಲಲು ನೆಲೆಯೇ ಇರುವುದಿಲ್ಲ.

ಇನ್ನೂ ಸಾಮಾನ್ಯವಾದ ತಪ್ಪು ಒಡೆತನದ ಹೋಲಿಕೆಯಲ್ಲಿದೆ. ವಿಜಯಪುರದ ಗೋಳಗುಮ್ಮಟದ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ತಾಜಮಹಲಿನ ಮುಖ್ಯ ಗುಮ್ಮಟ ಅದಕ್ಕಿಂತ ಬಹಳ ಚಿಕ್ಕದು. ಇದನ್ನು ಹೇಳಲು ಹೊರಟವರು ‘ದ ಡೋಮ್ ಆಫ್ ಗೋಲ್ ಗುಂಬಜ್ ಈಸ್ ಲಾರ್ಜರ್ ದ್ಯಾನ್ ದ ತಾಜ್ ಮಹಲ್’ ಎಂದು ಬರೆದರೆ, ಗುಮ್ಮಟವೊಂದೇ ಇಡೀ ತಾಜಮಹಲಿಗಿಂತ ದೊಡ್ಡದು ಎಂಬ ಸುಳ್ಳನ್ನು ಹೇಳಿದಂತಾಗುತ್ತದೆ. ಗುಮ್ಮಟಕ್ಕೆ ಗುಮ್ಮಟವೇ ಎದುರಾಗಬೇಕು: ‘ದ ಡೋಮ್ ಆಫ್ ಗೋಲ್ ಗುಂಬಜ್ ಈಸ್ ಲಾರ್ಜರ್ ದ್ಯಾನ್ ದಟ್ ಆಫ್ ದ ತಾಜ್ ಮಹಲ್.’ ಇಲ್ಲಿನ ‘ದಟ್ ಆಫ್’ ಹೊಸ ಸಂಗತಿಯೇನಲ್ಲ. ‘ತಾಜಮಹಲಿನದಕ್ಕಿಂತ’ ಎಂಬುದರಲ್ಲಿ ಕನ್ನಡದ ‘ಅದು’ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ನಾವು ಕನ್ನಡದಲ್ಲಿ ಆ ‘ಅದು’ವನ್ನು ಹಾಕಿಯೂ ಮಾತಾಡುತ್ತೇವೆ, ಹಾಕದೆಯೂ ಮಾತಾಡುತ್ತೇವೆ, ಇಂಗ್ಲಿಷ್ ಬರವಣಿಗೆಯಲ್ಲಿ ಬಿಡುವ ಸ್ವಾತಂತ್ರ್ಯವಿಲ್ಲ. ಹೋಲಿಸುವ ವಸ್ತು ಬಹುವಚನವಾಗಿದ್ದರೆ ‘ದಟ್’ ಬದಲು ‘ದೋಸ್’ ಬರುತ್ತದೆ: ‘ದ ರೋಡ್ಸ್ ಆಫ್ ದಿಸ್ ಟೌನ್ ಆರ್ ವೈಡರ್ ದ್ಯಾನ್ ದೋಸ್ ಆಫ್ ಅವರ್ಸ್.’ ವ್ಯಕ್ತಿಗಳ ಮಾತಾದರೆ ಅಪಾಸ್ಟ್ರಫಿ ಎಸ್ ಸಾಕು, ಅದು ಚಿಕ್ಕದೂ ಹೌದು. ನನ್ನ ಅರ್ಜಿಯ ಸಾಲು ‘ಐ ಹ್ಯಾವ್ ಮೋರ್ ಎಕ್ಸ್‌ಪೀರಿಯನ್ಸ್ ದ್ಯಾನ್ ದಿ ಅದರ್ ಕ್ಯಾಂಡಿಡೇಟ್ಸ್ ಹ್ಯಾವ್’ ಎಂದಿದ್ದರೆ ಆ ಹಿರಿಯರಿಗೆ ಬೆರಳಿಡಲು ಜಾಗವಿರುತ್ತಿರಲಿಲ್ಲ; ಉಳಿದ ಅಭ್ಯರ್ಥಿಗಳ ಬಗ್ಗೆ ನನಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ಬೇರೆ.

‘ಲೈಕ್’ ಮತ್ತು ‘ಅನ್‌ಲೈಕ್’ ಪದಗಳಿಂದ ಆರಂಭವಾಗುವ ವಾಕ್ಯಗಳಿಗೂ ಇದೇ ನಿಯಮ. ‘ಅಣ್ಣನ ಹಾಗೆಯೇ ರವಿಯ ಅಕ್ಷರವೂ ಕೆಟ್ಟದಾಗಿದೆ’ ಎಂದರೆ ಕನ್ನಡದಲ್ಲಿ ಯಾರೂ ತಕರಾರು ಮಾಡುವುದಿಲ್ಲ. ‘ಲೈಕ್ ಹಿಸ್ ಬ್ರದರ್, ರವೀಸ್ ಹ್ಯಾಂಡ್‌ರೈಟಿಂಗ್ ಈಸ್ ಬ್ಯಾಡ್’ ಎಂದರೆ ಮಾತ್ರ ಅಣ್ಣನನ್ನು ಅಕ್ಷರಕ್ಕೆ ಹೋಲಿಸಿದಂತಾಗುತ್ತದೆ. ‘ಲೈಕ್ ಹಿಸ್ ಬ್ರದರ್, ರವಿ ಹ್ಯಾಸ್ ಬ್ಯಾಡ್ ಹ್ಯಾಂಡ್‌ರೈಟಿಂಗ್’ ಎಂದು ಬರೆದರೆ ಅಣ್ಣನ ಎದುರು ತಮ್ಮ ನಿಲ್ಲುತ್ತಾನೆ. ಅಲ್ಪವಿರಾಮದ ನಂತರ ಮೊದಲು ಬರುವ ಹೆಸರು ಯಾವುದೆಂದು ನೋಡಿದರೆ ಸಾಕು, ಈ ತಪ್ಪು ಸಿಕ್ಕಿಬೀಳುತ್ತದೆ.

ಒಂದು ಗುಂಪಿನೊಳಗಿನ ವಸ್ತುವನ್ನು ಅದೇ ಗುಂಪಿಗೆ ಹೋಲಿಸುವಾಗ ‘ಅದರ್’ ಎಂಬ ಪದ ಬೇಕು. ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ. ‘ಮುಳ್ಳಯ್ಯನಗಿರಿ ಈಸ್ ಹೈಯರ್ ದ್ಯಾನ್ ಎನಿ ಪೀಕ್ ಇನ್ ಕರ್ನಾಟಕ’ ಎಂದರೆ ಅದು ತನಗಿಂತ ತಾನೇ ಎತ್ತರವೆಂದಾಗುತ್ತದೆ. ‘ಎನಿ ಅದರ್ ಪೀಕ್’ ಎನ್ನಬೇಕು. ‘ಎಲ್ಲಕ್ಕಿಂತ ಎತ್ತರ’, ‘ಎಲ್ಲರಿಗಿಂತ ದೊಡ್ಡವಳು’ ಎಂದು ತನ್ನನ್ನೂ ಸೇರಿಸಿಕೊಂಡೇ ಹೇಳುವ ನಮ್ಮ ಅಭ್ಯಾಸ ಇಲ್ಲಿ ಕಾಲಿಗೆ ತೊಡರುತ್ತದೆ. ಹೊರಗಿನ ಗುಂಪಿಗೆ ಹೋಲಿಸುವಾಗ ‘ಅದರ್’ ಬೇಡ: ‘ಹೈಯರ್ ದ್ಯಾನ್ ಎನಿ ಪೀಕ್ ಇನ್ ಗೋವಾ’ ಸರಿಯಾದ ವಾಕ್ಯ.

ಎರಡನೆಯ ಹೆಜ್ಜೆ: ಎರಡೂ ಬದಿಗೆ ಒಂದೇ ಆಕಾರ

ಹೋಲಿಸುವುದು ಕೆಲಸಗಳನ್ನಾದರೆ, ಒಂದು ಕಡೆ ‘ಇಂಗ್’ ರೂಪವಿದ್ದಾಗ ಇನ್ನೊಂದು ಕಡೆಯೂ ಅದೇ ಇರಬೇಕು, ‘ಟೂ’ ರೂಪವಿದ್ದಾಗ ಅಲ್ಲಿಯೂ ‘ಟೂ’ ರೂಪವೇ ಬರಬೇಕು. ‘ವಾಕಿಂಗ್ ಈಸ್ ಚೀಪರ್ ದ್ಯಾನ್ ಟೂ ಡ್ರೈವ್’ ಎಂಬುದು ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಬೂಟು ಹಾಕಿಕೊಂಡ ವಾಕ್ಯ. ‘ವಾಕಿಂಗ್ ಈಸ್ ಚೀಪರ್ ದ್ಯಾನ್ ಡ್ರೈವಿಂಗ್’ ಅಥವಾ ‘ಇಟ್ ಈಸ್ ಚೀಪರ್ ಟೂ ವಾಕ್ ದ್ಯಾನ್ ಟೂ ಡ್ರೈವ್’, ಎರಡರಲ್ಲಿ ಯಾವುದಾದರೂ ಸರಿ. ಕನ್ನಡದಲ್ಲಿ ‘ನಡೆಯುವುದು’, ‘ಓಡಿಸುವುದಕ್ಕಿಂತ’ ಎಂದು ಎರಡಕ್ಕೂ ‘ವುದು’ ತಾನಾಗಿಯೇ ಬರುವುದರಿಂದ ಈ ನಿಯಮ ನಮಗೆ ಹೊರೆಯಾಗಬಾರದು. ತೊಂದರೆ ಆಗುವುದು ವಾಕ್ಯ ಉದ್ದವಾಗಿ, ಮೊದಲ ಬದಿಯ ರೂಪ ಮರೆತುಹೋದಾಗ ಮಾತ್ರ.

‘ಪ್ರಿಫರ್’ ಎಂಬ ಕ್ರಿಯಾಪದದಲ್ಲಿ ಮಾತ್ರ ಕನ್ನಡ ನಮ್ಮನ್ನು ನೇರವಾಗಿ ದಾರಿ ತಪ್ಪಿಸುತ್ತದೆ. ‘ಚಹಾಕ್ಕಿಂತ ಕಾಫಿ ಇಷ್ಟ’ ಎಂಬುದರ ‘ಗಿಂತ’ವನ್ನು ‘ದ್ಯಾನ್’ ಮಾಡಿ ‘ಐ ಪ್ರಿಫರ್ ಕಾಫಿ ದ್ಯಾನ್ ಟೀ’ ಎನ್ನುತ್ತೇವೆ. ‘ಐ ಪ್ರಿಫರ್ ಕಾಫಿ ಟೂ ಟೀ’ ಸರಿಯಾದದ್ದು. ಕೆಲಸಗಳಾದರೆ ‘ಐ ಪ್ರಿಫರ್ ವಾಕಿಂಗ್ ಟೂ ಡ್ರೈವಿಂಗ್.’ ‘ಪ್ರಿಫರ್ ಟೂ ವಾಕ್’ ಎಂದು ಆರಂಭಿಸಿದ್ದರೆ ಮುಂದೆ ‘ರಾದರ್ ದ್ಯಾನ್ ಡ್ರೈವ್’ ಬರಬೇಕು. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಪದಗಳಿಗೂ ‘ಟೂ’ ಜೊತೆ. ‘ಮೋರ್ ಬೆಟರ್’ ಎಂಬುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ಬೆಟರ್’ನೊಳಗೇ ‘ಮೋರ್’ ಇದೆ.

ಮೂರನೆಯ ಹೆಜ್ಜೆ: ಪ್ರತಿ ಬದಿಗೂ ಅದರದರ ಕಾಲ

ಶಾಲೆಯಲ್ಲಿ ಕಲಿಸುವ ‘ಒಂದು ವಾಕ್ಯದಲ್ಲಿ ಕಾಲ ಬದಲಾಗಬಾರದು’ ಎಂಬ ಬುದ್ಧಿಮಾತು ಹೋಲಿಕೆಯ ವಾಕ್ಯಕ್ಕೆ ಹೊಂದುವುದಿಲ್ಲ. ಹಿಂದಿನದನ್ನೂ ಇಂದಿನದನ್ನೂ ಎದುರುಬದುರು ಇಡುವುದಕ್ಕಾಗಿಯೇ ನಾವು ಎಷ್ಟೋ ಸಲ ಹೋಲಿಕೆ ಮಾಡುತ್ತೇವೆ. ನಮ್ಮ ಮೆಟ್ರೊದ ಮೊದಲ ರೈಲು ಓಡಿದ್ದು 2011ರ ಅಕ್ಟೋಬರಿನಲ್ಲಿ, ಕೆಲವೇ ಕಿಲೋಮೀಟರುಗಳ ಒಂದು ಚಿಕ್ಕ ಮಾರ್ಗದಲ್ಲಿ. ‘ನಮ್ಮ ಮೆಟ್ರೊ ಕ್ಯಾರೀಸ್ ಮೋರ್ ಪ್ಯಾಸೆಂಜರ್ಸ್ ಟುಡೇ ದ್ಯಾನ್ ಇಟ್ ಡಿಡ್ ಇನ್ 2011’ ಎಂಬ ವಾಕ್ಯದಲ್ಲಿ ‘ಕ್ಯಾರೀಸ್’ ವರ್ತಮಾನ, ‘ಡಿಡ್’ ಭೂತ. ಎರಡೂ ತಮ್ಮ ತಮ್ಮ ವರ್ಷಕ್ಕೆ ನಿಷ್ಠವಾಗಿವೆ. ಕಾಲವನ್ನು ಒಂದೇ ಮಾಡುವ ಹಟಕ್ಕೆ ಬಿದ್ದು ‘ದ್ಯಾನ್ ಇಟ್ ಡಸ್ ಇನ್ 2011’ ಎಂದು ಬರೆದರೆ ವಾಕ್ಯ ಹಾಳಾಗುತ್ತದೆ. ‘ದ್ಯಾನ್ ಇಟ್ ಹ್ಯಾಸ್ ಇನ್ 2011’ ಎಂಬುದೂ ನಿಲ್ಲುವುದಿಲ್ಲ, ಏಕೆಂದರೆ ಮುಗಿದುಹೋದ ಒಂದು ವರ್ಷವನ್ನು ಹೆಸರಿಸಿದ ಮೇಲೆ ‘ಹ್ಯಾಸ್’ ಮತ್ತು ‘ಹ್ಯಾವ್’ಗಳಿಗೆ ಅಲ್ಲಿ ಪ್ರವೇಶವಿಲ್ಲ.

ಇಲ್ಲಿ ‘ಡಿಡ್’ ಎಲ್ಲಿಂದ ಬಂತು ಎಂಬುದು ಕನ್ನಡಿಗರಿಗೆ ನಿಜವಾದ ತೊಡಕು, ಏಕೆಂದರೆ ಕ್ರಿಯಾಪದವನ್ನು ಮರಳಿ ಹೇಳದೆ ಅದರ ಬದಲಿಗೆ ಒಂದು ಗೊಂಬೆ ಕ್ರಿಯಾಪದವನ್ನು ನಿಲ್ಲಿಸುವ ಪದ್ಧತಿ ನಮ್ಮಲ್ಲಿ ಈ ರೀತಿಯಲ್ಲಿ ಇಲ್ಲ. ಅದನ್ನು ಆರಿಸುವ ದಾರಿ ಹೀಗಿದೆ. ಮೊದಲ ಬದಿಯ ಕ್ರಿಯಾಪದವನ್ನು ನೋಡಿ. ಅದು ಈಸ್, ಆರ್, ವಾಸ್, ವರ್ ಆಗಿದ್ದರೆ ಎರಡನೆಯ ಬದಿಗೂ ಅದೇ ಕುಟುಂಬದ ರೂಪ ಬರುತ್ತದೆ: ‘ರೆಂಟ್ಸ್ ಆರ್ ಹೈಯರ್ ದ್ಯಾನ್ ದೇ ವರ್ ಇನ್ 2011.’ ಕ್ಯಾನ್, ವಿಲ್, ಹ್ಯಾವ್ ಮುಂತಾದ ಸಹಾಯಕ ಪದವಿದ್ದರೆ ಅದೇ ಮರಳುತ್ತದೆ: ‘ಷಿ ಕ್ಯಾನ್ ಸ್ಪೀಕ್ ತುಳು ಬೆಟರ್ ದ್ಯಾನ್ ಐ ಕ್ಯಾನ್’, ‘ಹಿ ಹ್ಯಾಸ್ ವರ್ಕ್ಡ್ ಹಿಯರ್ ಲಾಂಗರ್ ದ್ಯಾನ್ ಐ ಹ್ಯಾವ್.’ ಇವೆರಡೂ ಅಲ್ಲದ, ಸಿಂಗ್, ವಾಕ್, ಅರ್ನ್, ಯೂಸ್‌ನಂಥ ಸಾಮಾನ್ಯ ಕ್ರಿಯಾಪದವಾದರೆ ಡೂ, ಡಸ್, ಡಿಡ್‌ಗಳಲ್ಲಿ ಒಂದು ಬರುತ್ತದೆ. ‘ಷಿ ಸಿಂಗ್ಸ್ ಬೆಟರ್ ದ್ಯಾನ್ ಹರ್ ಸಿಸ್ಟರ್ ಈಸ್’ ಎಂಬ ತಪ್ಪು ಹುಟ್ಟುವುದು ಈ ಕುಟುಂಬಗಳನ್ನು ಬೆರೆಸಿದಾಗ. ‘ಸಿಂಗ್ಸ್’ಗೆ ‘ಡಸ್’ ನೆಂಟ, ‘ಈಸ್’ ಅಲ್ಲ. ಕುಟುಂಬವನ್ನು ಗುರುತಿಸಿದ ಮೇಲೆ ಕಾಲವನ್ನು ಎರಡನೆಯ ಬದಿಯ ಸಮಯ ನೋಡಿ ಇಡಬೇಕು, ವಚನವನ್ನು ಎರಡನೆಯ ಬದಿಯ ಕರ್ತೃವನ್ನು ನೋಡಿ ಇಡಬೇಕು. ‘ಫಾರ್ಮರ್ಸ್ ಯೂಸ್ ಮೋರ್ ಫರ್ಟಿಲೈಸರ್ ದ್ಯಾನ್ ದೇರ್ ಗ್ರ್ಯಾಂಡ್‌ಫಾದರ್ಸ್ ಡಿಡ್’, ‘ಮೈ ಫಾದರ್ ವಾಕ್ಡ್ ಮೋರ್ ಇನ್ ಎ ಡೇ ದ್ಯಾನ್ ಐ ಡೂ ಇನ್ ಎ ವೀಕ್.’ ಎರಡನೆಯ ವಾಕ್ಯ ನನ್ನ ಮಟ್ಟಿಗೆ ವ್ಯಾಕರಣದ ಉದಾಹರಣೆ ಮಾತ್ರವಲ್ಲ.

ಎರಡೂ ಬದಿಯ ಕಾಲ ಒಂದೇ ಆಗಿದ್ದು ಅರ್ಥದಲ್ಲಿ ಗೊಂದಲವಿಲ್ಲದಿದ್ದರೆ ಈ ಸಹಾಯಕ ಪದವನ್ನು ಬಿಡಬಹುದು. ‘ಷಿ ಸಿಂಗ್ಸ್ ಬೆಟರ್ ದ್ಯಾನ್ ಹರ್ ಸಿಸ್ಟರ್’ ಸಾಕು. ಗೊಂದಲವಿದ್ದರೆ ಬಿಡುವಂತಿಲ್ಲ. ‘ಐ ವಿಸಿಟ್ ಮೈ ಮದರ್ ಮೋರ್ ಆಫನ್ ದ್ಯಾನ್ ಮೈ ಬ್ರದರ್’ ಎಂದರೆ ಅಣ್ಣನಿಗಿಂತ ನಾನು ಹೆಚ್ಚು ಸಲ ತಾಯಿಯನ್ನು ನೋಡಲು ಹೋಗುತ್ತೇನೆಯೋ, ಅಣ್ಣನನ್ನು ನೋಡುವುದಕ್ಕಿಂತ ಹೆಚ್ಚು ಸಲ ತಾಯಿಯನ್ನು ನೋಡುತ್ತೇನೆಯೋ ತಿಳಿಯದು. ಮೊದಲ ಅರ್ಥಕ್ಕೆ ‘ದ್ಯಾನ್ ಮೈ ಬ್ರದರ್ ಡಸ್’, ಎರಡನೆಯದಕ್ಕೆ ‘ದ್ಯಾನ್ ಐ ವಿಸಿಟ್ ಮೈ ಬ್ರದರ್’ ಎಂದು ಬಿಡಿಸಿ ಬರೆಯಬೇಕು. ‘ದ್ಯಾನ್ ಮಿ’ ಸರಿಯೋ, ‘ದ್ಯಾನ್ ಐ’ ಸರಿಯೋ ಎಂಬ ಹಳೆಯ ಜಗಳದಿಂದ ಪಾರಾಗಲೂ ಇದೇ ಉಪಾಯ ಒದಗುತ್ತದೆ. ‘ದ್ಯಾನ್ ಐ ಆ್ಯಮ್’ ಅಥವಾ ‘ದ್ಯಾನ್ ಐ ಡೂ’ ಎಂದು ಬರೆದವರ ಮೇಲೆ ಯಾವ ಪಂಗಡದವರೂ ಮುಗಿಬೀಳುವುದಿಲ್ಲ.

ಇನ್ನು ‘ಅಂದುಕೊಂಡಿದ್ದಕ್ಕಿಂತ’ ಎಂಬ ರೂಪ. ‘ಪರೀಕ್ಷೆ ನಾನು ಅಂದುಕೊಂಡಿದ್ದಕ್ಕಿಂತ ಸುಲಭವಾಗಿತ್ತು’ ಎಂಬುದನ್ನು ಹಲವರು ‘ದ ಎಕ್ಸಾಮ್ ವಾಸ್ ಈಸಿಯರ್ ದ್ಯಾನ್ ವಾಟ್ ಐ ಎಕ್ಸ್‌ಪೆಕ್ಟೆಡ್’ ಎನ್ನುತ್ತಾರೆ. ಆ ‘ವಾಟ್’ ಬಂದಿರುವುದು ಕನ್ನಡದ ‘ಅಂದುಕೊಂಡಿದ್ದು’ ಎಂಬುದರಲ್ಲಿರುವ ‘ಅದು’ವಿನಿಂದ. ಔಪಚಾರಿಕ ಬರವಣಿಗೆಯಲ್ಲಿ ಅದನ್ನು ಕಿತ್ತು ‘ದ್ಯಾನ್ ಐ ಹ್ಯಾಡ್ ಎಕ್ಸ್‌ಪೆಕ್ಟೆಡ್’ ಎಂದು ಬರೆಯುವುದು ಒಳ್ಳೆಯದು. ಪರೀಕ್ಷೆ ನಡೆದದ್ದು ನಿನ್ನೆ, ನಿರೀಕ್ಷೆ ಅದಕ್ಕೂ ಹಿಂದಿನದು. ಒಂದು ಭೂತಕಾಲಕ್ಕಿಂತ ಇನ್ನೊಂದು ಹಿಂದಿರುವುದರಿಂದ ‘ಹ್ಯಾಡ್’ಗೆ ಇಲ್ಲಿ ನ್ಯಾಯವಾದ ಸ್ಥಾನವಿದೆ. ‘ದ್ಯಾನ್ ಐ ಎಕ್ಸ್‌ಪೆಕ್ಟೆಡ್’ ಕೂಡ ತಪ್ಪಲ್ಲ, ಏಕೆಂದರೆ ನಿರೀಕ್ಷೆ ಮೊದಲು ಬರುತ್ತದೆಂಬುದು ಪದದ ಅರ್ಥದಲ್ಲಿಯೇ ಇದೆ. ‘ದ್ಯಾನ್ ಐ ವಾಸ್ ಎಕ್ಸ್‌ಪೆಕ್ಟೆಡ್’ ಮಾತ್ರ ತಪ್ಪು. ಅದು ನನ್ನನ್ನೇ ಯಾರೋ ನಿರೀಕ್ಷಿಸುತ್ತಿದ್ದರು ಎಂಬ ಕಡೆಗೆ ವಾಲುತ್ತದೆ. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎಂಬುದನ್ನು ‘ಐ ಹ್ಯಾಡ್ ಗಾನ್ ಟೂ ಮೈಸೂರ್ ಯೆಸ್ಟರ್‌ಡೇ’ ಎಂದು ಹೇಳಿ ಹೇಳಿ ‘ಹ್ಯಾಡ್’ ಅನ್ನು ಬೇಡದ ಕಡೆಯೆಲ್ಲ ಸುರಿಯುವ ನಾವು, ಅದು ನಿಜಕ್ಕೂ ಬೇಕಾದ ಇಂಥ ಜಾಗದಲ್ಲಿ ಮರೆಯುತ್ತೇವೆ.

ಕಾಲದ ವಿಷಯದಲ್ಲಿ ಕನ್ನಡ ನೆರವಿಗೆ ಬರುವ ಒಂದು ರಚನೆಯೂ ಉಂಟು. ‘ಎಷ್ಟು ಬೇಗ ಶುರು ಮಾಡುತ್ತೀರೋ ಅಷ್ಟು ಬೇಗ ಮುಗಿಸುತ್ತೀರಿ’ ಎಂಬುದರ ಎಷ್ಟು-ಅಷ್ಟು ಜೋಡಿಗೆ ಇಂಗ್ಲಿಷಿನಲ್ಲಿ ‘ದ ಸೂನರ್, ದ ಸೂನರ್’ ಜೋಡಿ ಸರಿಯಾಗಿ ಹೊಂದುತ್ತದೆ. ಕನ್ನಡದ ‘ಉತ್ತ’ ರೂಪ ವರ್ತಮಾನಕ್ಕೂ ಭವಿಷ್ಯಕ್ಕೂ ಒಂದೇ. ಇಂಗ್ಲಿಷಿನಲ್ಲಿ ಮೊದಲ ಬದಿಗೆ ವರ್ತಮಾನ, ಎರಡನೆಯದಕ್ಕೆ ‘ವಿಲ್’: ‘ದ ಸೂನರ್ ಯೂ ಸ್ಟಾರ್ಟ್, ದ ಸೂನರ್ ಯೂ ವಿಲ್ ಫಿನಿಷ್.’ ಎರಡೂ ಕಡೆ ‘ವಿಲ್’ ಬೇಡ. ‘ಎಲ್ಲ ಬಲ್ಲವನ ಹಾಗೆ ಮಾತಾಡುತ್ತಾನೆ’ ಎಂಬಂಥ, ನಿಜವಲ್ಲದ ಹೋಲಿಕೆಗೆ ‘ಆ್ಯಸ್ ಇಫ್’ ಬಳಸಿದಾಗ ಮುಂದಿನ ಕ್ರಿಯಾಪದ ಭೂತರೂಪಕ್ಕೆ ತಿರುಗುತ್ತದೆ: ‘ಹಿ ಟಾಕ್ಸ್ ಆ್ಯಸ್ ಇಫ್ ಹಿ ನ್ಯೂ ಎವ್ರಿಥಿಂಗ್.’ ಇಲ್ಲಿನ ‘ನ್ಯೂ’ ಕಳೆದ ಸಮಯವನ್ನಲ್ಲ, ಅವನಿಗೆ ಎಲ್ಲವೂ ಗೊತ್ತಿಲ್ಲ ಎಂಬ ಅಪನಂಬಿಕೆಯನ್ನು ಹೇಳುತ್ತದೆ.

ಒಂದು ಪ್ಯಾರಾವನ್ನು ತಿದ್ದಿ ನೋಡೋಣ

ಈ ಎಲ್ಲ ಹೆಜ್ಜೆಗಳೂ ಒಟ್ಟಿಗೆ ಬೇಕಾಗುವುದು ಅಂಕಿಅಂಶಗಳ ಬರವಣಿಗೆಯಲ್ಲಿ. ಇಂಗ್ಲಿಷ್ ಭಾಷಾ ಸಾಮರ್ಥ್ಯವನ್ನು ಅಳೆಯುವ ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆಯ ಬರವಣಿಗೆಯ ಮೊದಲ ಪ್ರಶ್ನೆಯಲ್ಲಿ ಒಂದು ನಕ್ಷೆಯನ್ನೋ ಕೋಷ್ಟಕವನ್ನೋ ಕೊಟ್ಟು ಕನಿಷ್ಠ 150 ಪದಗಳಲ್ಲಿ ವಿವರಿಸಲು ಹೇಳುತ್ತಾರೆ. ಅದಕ್ಕೆ ಸುಮಾರು 20 ನಿಮಿಷ ಕೊಡಬೇಕೆಂಬುದು ಸೂಚನೆ. ವ್ಯಾಕರಣ ಅಲ್ಲಿನ ನಾಲ್ಕು ಮಾನದಂಡಗಳಲ್ಲಿ ಒಂದು. ಅಂಥದ್ದೊಂದು ಕೋಷ್ಟಕ ನಮ್ಮದೇ ರಾಜ್ಯದ್ದಿರಲಿ: ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 2001ರಲ್ಲಿ ಪುರುಷರ ಸಾಕ್ಷರತೆ ಶೇ 76.10, ಮಹಿಳೆಯರದು ಶೇ 56.87, 2011ರಲ್ಲಿ ಪುರುಷರದು ಶೇ 82.47, ಮಹಿಳೆಯರದು ಶೇ 68.08. ಇದನ್ನು ನೋಡಿ ಅವಸರದಲ್ಲಿ ಬರೆಯುವವರ ಪ್ಯಾರಾ ಹೀಗಿರಬಹುದು:

‘ಇನ್ 2011, ದ ಲಿಟರಸಿ ರೇಟ್ ಆಫ್ ವಿಮೆನ್ ಈಸ್ ಲೋವರ್ ದ್ಯಾನ್ ಮೆನ್. ಬಟ್ ದ ರೇಟ್ ಆಫ್ ವಿಮೆನ್ ರೋಸ್ ಮೋರ್ ದ್ಯಾನ್ ಮೆನ್ ವರ್. ದ ಗ್ಯಾಪ್ ಈಸ್ ನ್ಯಾರೋವರ್ ದ್ಯಾನ್ 2001. ಟೂ ಎಜುಕೇಟ್ ಗರ್ಲ್ಸ್ ಬ್ರಿಂಗ್ಸ್ ಗ್ರೇಟರ್ ಬೆನಿಫಿಟ್ಸ್ ದ್ಯಾನ್ ಬಿಲ್ಡಿಂಗ್ ರೋಡ್ಸ್ ಡೂ.’

ಮೊದಲ ವಾಕ್ಯದಲ್ಲಿ ಎರಡು ದೋಷಗಳಿವೆ. 2011 ಮುಗಿದ ವರ್ಷವಾದ್ದರಿಂದ ‘ಈಸ್’ ಅಲ್ಲ, ‘ವಾಸ್’. ಕೋಷ್ಟಕ ಕಣ್ಣೆದುರಿಗೆ ಇರುವುದರಿಂದ ‘ದ ಟೇಬಲ್ ಷೋಸ್’ ಎಂದು ವರ್ತಮಾನದಲ್ಲಿ ಬರೆಯಬಹುದು, ಅದರೊಳಗಿನ ಹಳೆಯ ಅಂಕಿಗಳಿಗೆ ಆ ಸೌಲಭ್ಯವಿಲ್ಲ. ಜೊತೆಗೆ ಪ್ರಮಾಣದ ಎದುರು ಪುರುಷರನ್ನು ನಿಲ್ಲಿಸಲಾಗಿದೆ. ‘ಇನ್ 2011, ದ ಲಿಟರಸಿ ರೇಟ್ ಆಫ್ ವಿಮೆನ್ ವಾಸ್ ಲೋವರ್ ದ್ಯಾನ್ ದಟ್ ಆಫ್ ಮೆನ್.’

ಎರಡನೆಯದರಲ್ಲಿ ‘ರೋಸ್’ ಸಾಮಾನ್ಯ ಕ್ರಿಯಾಪದ, ಅದಕ್ಕೆ ‘ವರ್’ ನೆಂಟನಲ್ಲ. ಎರಡೂ ಬದಿಯ ಸಮಯ ಒಂದೇ ಆಗಿರುವುದರಿಂದ ‘ಡಿಡ್’ ಕೂಡ ಬೇಕಾಗಿಲ್ಲ: ‘ದ ರೇಟ್ ಆಫ್ ವಿಮೆನ್ ರೋಸ್ ಮೋರ್ ದ್ಯಾನ್ ದಟ್ ಆಫ್ ಮೆನ್.’ ಏರಿಕೆಯನ್ನು ಅಂಕಿಯಲ್ಲಿ ಹೇಳುವುದಾದರೆ 11.21 ಮತ್ತು 6.37 ‘ಪರ್ಸೆಂಟೇಜ್ ಪಾಯಿಂಟ್ಸ್’ ಎನ್ನಬೇಕು, ಬರಿಯ ‘ಪರ್ಸೆಂಟ್’ ಎಂದರೆ ಬೇರೆಯೇ ಲೆಕ್ಕವಾಗುತ್ತದೆ.

ಮೂರನೆಯದು ಅಂತರವನ್ನು ಒಂದು ವರ್ಷಕ್ಕೆ ಹೋಲಿಸುತ್ತಿದೆ. 2001ರಲ್ಲಿ 19.23 ಇದ್ದ ಅಂತರ 2011ರಲ್ಲಿ 14.39ಕ್ಕೆ ಇಳಿದಿದೆ ಎಂಬುದು ಹೇಳಬೇಕಾದ ಸಂಗತಿ: ‘ದ ಗ್ಯಾಪ್ ವಾಸ್ ನ್ಯಾರೋವರ್ ಇನ್ 2011 ದ್ಯಾನ್ ಇಟ್ ಹ್ಯಾಡ್ ಬೀನ್ ಇನ್ 2001.’ ವರ್ಷಗಳೇ ಹಿಂದುಮುಂದನ್ನು ತಿಳಿಸುವುದರಿಂದ ಬರಿಯ ‘ದ್ಯಾನ್ ಇನ್ 2001’ ಎಂದರೂ ಸರಿ, ಪದಗಳ ಉಳಿತಾಯ ಬೇಕಾದಾಗ ನಾನು ಅದನ್ನೇ ಬರೆಯುತ್ತೇನೆ. ಆ ಪುಟ್ಟ ‘ಇನ್’ ಮಾತ್ರ ಬಿಟ್ಟುಹೋಗಬಾರದು.

ಕೊನೆಯ ವಾಕ್ಯ ಕೋಷ್ಟಕದಲ್ಲಿಲ್ಲದ ಅಭಿಪ್ರಾಯವಾದ್ದರಿಂದ ಪರೀಕ್ಷೆಯ ಈ ಪ್ರಶ್ನೆಯಲ್ಲಿ ಅದನ್ನು ಹೊಡೆದುಹಾಕುವುದೇ ಜಾಣತನ. ಪ್ರಬಂಧದಲ್ಲಿ ಉಳಿಸಿಕೊಳ್ಳುವುದಾದರೆ ‘ಟೂ ಎಜುಕೇಟ್’ ಮತ್ತು ‘ಬಿಲ್ಡಿಂಗ್’ ಎಂಬ ಬೇರೆ ಬೇರೆ ಆಕಾರಗಳನ್ನು ಒಂದೇ ಮಾಡಬೇಕು: ‘ಎಜುಕೇಟಿಂಗ್ ಗರ್ಲ್ಸ್ ಬ್ರಿಂಗ್ಸ್ ಗ್ರೇಟರ್ ಬೆನಿಫಿಟ್ಸ್ ದ್ಯಾನ್ ಬಿಲ್ಡಿಂಗ್ ರೋಡ್ಸ್ ಡಸ್.’ ಪಕ್ಕದಲ್ಲಿಯೇ ಇರುವ ‘ರೋಡ್ಸ್’ ಎಂಬ ಬಹುವಚನ ‘ಡೂ’ ಬರೆಯುವಂತೆ ಕೈಯನ್ನು ಎಳೆಯುತ್ತದೆ. ಆದರೆ ಅಲ್ಲಿ ಕರ್ತೃ ರಸ್ತೆಗಳಲ್ಲ, ರಸ್ತೆಗಳನ್ನು ಕಟ್ಟುವ ಒಂದು ಕೆಲಸ, ಹಾಗಾಗಿ ‘ಡಸ್’.